ಅಮ್ಮಾ, ಸ್ವಲ್ಪ ಆಚೆ ಸರಿ

ಮನೆಯಿಂದ, ಹೊಲಿಗೆ ಯಂತ್ರದ ಪಕ್ಕದ ಮೇಜು
ಸೋಮವಾರ ಬೆಳಿಗ್ಗೆ

ಪ್ರೀತಿಯ ಪುಟ್ಟನಿಗೆ,

ಅಕ್ಕನ ಆಶೀರ್ವಾದ. ‘ಪ್ರೀತಿಯ’ ಎಂಬುದನ್ನು ರೂಢಿಯಿಂದ ಬರೆದಿದ್ದೇನೆ, ಅದಕ್ಕೆ ಹೆಚ್ಚು ಬೆಲೆ ಕಟ್ಟಬೇಡ. ನಿನ್ನ ಸೊಂಟನೋವು ಹೇಗಿದೆ? ದಿನವಿಡೀ ತಿರುಗೋ ಕುರ್ಚಿಯಲ್ಲಿ ಕೂತವನಿಗೆ ಸೊಂಟ ಹಿಡೀದೆ ಇನ್ನೇನು ಹಿಡೀಬೇಕು ಎಂದು ಅಮ್ಮ ಕೇಳುತ್ತಾಳೆ, ಆಮೇಲೆ ತಾನೇ ಮರುಗಿ ಎಣ್ಣೆ ತಿಕ್ಕಿಸಿಕೊಳ್ಳಲು ಬರೆ ಎನ್ನುತ್ತಾಳೆ. ಬರೆದಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ. ಶಾಲೆಗಳು ಶುರುವಾಗುವ ಹೊತ್ತು, ಮುಂದಿನ ಕೋಣೆಯ ತುಂಬ ಸಮವಸ್ತ್ರದ ಬಟ್ಟೆ. ಸೂಜಿಗೆ ದಾರ ಪೋಣಿಸಲು ಮಾತ್ರ ನನ್ನನ್ನು ಕರೆಯುತ್ತಾಳೆ. ಕಣ್ಣು ಮಂಜಾಗಿದೆ, ನಾಲಿಗೆ ಕತ್ತರಿಯಷ್ಟೇ ಹರಿತವಾಗಿದೆ. ನೀನು ಫೋನ್ ಎತ್ತುವುದಿಲ್ಲ, ಆದ್ದರಿಂದ ಕಾಗದ. ಇದನ್ನು ನಡುವೆ ಕಟ್ ಮಾಡಲು ಬರುವುದಿಲ್ಲ.

ನಿಮ್ಮ ಸಾಲದ ಸಂಸ್ಥೆಯ ಹೊಸ ನಿಯಮ ಬಂದ ಮೇಲೆ ನನ್ನ ಕಸುಬು ಏನಾಯಿತು ಎಂದು ನೀನು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಮನೆಯ ಮೇಲೆ ಸಾಲ ಕೊಡುವ ಮುಂಚೆ ಆ ಮನೆಗೆ ಹೋಗಿ, ನೋಡಿ, ಬೆಲೆ ಹೇಳುವುದು ನನ್ನ ಕೆಲಸ. ನಿಮ್ಮ ಸಂಸ್ಥೆ ಅದರಲ್ಲಿ ‘ಹೋಗಿ’ ಎಂಬುದನ್ನೂ ತೆಗೆಯಿತು, ‘ನೋಡಿ’ ಎಂಬುದನ್ನೂ ತೆಗೆಯಿತು. ಈಗ ಸಾಲ ಕೇಳುವವನೇ ಫೋನಿನಲ್ಲಿ ಫೋಟೋ ಹೊಡೆದು ಕಳಿಸುತ್ತಾನೆ. ಕಂಪ್ಯೂಟರು ಸುತ್ತಮುತ್ತಲ ಮಾರಾಟಗಳನ್ನು ಕೂಡಿ ಕಳೆದು ಒಂದು ಬೆಲೆ ಉಗುಳುತ್ತದೆ. ಉಗುಳಿದ್ದರ ಕೆಳಗೆ ನಾನು ಸಹಿ ಹಾಕಬೇಕು. ನಾಡಿ ಹಿಡಿಯದೆ ಮದ್ದು ಕೊಡುವ ವೈದ್ಯನನ್ನು ಜನ ಅಟ್ಟಿಸಿಕೊಂಡು ಹೋಗಿ ಹೊಡೆಯುತ್ತಾರೆ. ಗೋಡೆ ಮುಟ್ಟದೆ ಬೆಲೆ ಕಟ್ಟುವವರಿಗೆ ನೀವು ‘ಚುರುಕು’ ಎಂದು ಅಂಕ ಕೊಡುತ್ತೀರಿ. ಹೋಗಿ ನೋಡುತ್ತೇನೆ ಎಂದವರ ಹೆಸರು ನಿಮಗೆ ಬೆಲೆ ಕಟ್ಟುವವರ ಪಟ್ಟಿಯಿಂದ ಸದ್ದಿಲ್ಲದೆ ಜಾರಿಬೀಳುತ್ತದೆ. ಇದನ್ನು ಜಾರಿಗೆ ತಂದ ತಂಡದಲ್ಲಿ ನೀನೂ ಒಬ್ಬ. ಕಾಲರಿಗೆ ಮೈಕು ಸಿಕ್ಕಿಸಿಕೊಂಡು, ವೇದಿಕೆಯ ಮೇಲೆ ಆಚೀಚೆ ನಡೆಯುತ್ತ, “ಮನುಷ್ಯನ ಕಣ್ಣು ಮೋಸ ಹೋಗುತ್ತೆ” ಎಂದು ನೀನು ಭಾಷಣ ಬಿಗಿದ ವಿಡಿಯೋವನ್ನು ಅಮ್ಮ ಓಣಿಯವರಿಗೆಲ್ಲ ತೋರಿಸಿದಳು. ಸರಿಯಾಗಿಯೇ ಹೇಳಿದ್ದೆ. ನಿನ್ನನ್ನು ಇಷ್ಟು ವರ್ಷ ನೋಡಿದ ನಮ್ಮ ಕಣ್ಣೇ ಮೋಸ ಹೋಗಿದೆ.

ಸುತ್ತಿಗೆ ಮಾಮ ನೆನಪಿದ್ದಾರಲ್ಲ, ನನಗೆ ಕೆಲಸ ಕಲಿಸಿದವರು? ಜೇಬಿನಲ್ಲಿ ಪುಟ್ಟ ಸುತ್ತಿಗೆ ಇಟ್ಟುಕೊಂಡು ಗೋಡೆ ಗೋಡೆಗೂ ಕಿವಿಗೊಟ್ಟು ತಟ್ಟುವವರು. ಮನೆ ಪೂರ್ತಿ ನೋಡಿ ಮುಗಿಯುವ ತನಕ ಆ ಮನೆಯ ನೀರನ್ನೂ ಮುಟ್ಟಬಾರದು ಎಂಬುದು ಅವರ ಮೊದಲ ಪಾಠ. “ನೀರು ಕುಡಿದ ಬಾಯಿ ಗೋಡೆ ಬಿರುಕಿನ ಮಾತಾಡಲ್ಲ ಕಣಮ್ಮಾ” ಎನ್ನುತ್ತಿದ್ದರು. ಒಂದೇ ಗೋಡೆಗೆ ಹೊಸ ಬಣ್ಣ ಹೊಡೆದಿದ್ದರೆ ಆ ಗೋಡೆಯನ್ನೇ ಮೂಸು, ಕಪಾಟು ಗೋಡೆಗೆ ಒತ್ತಿ ನಿಂತಿದ್ದರೆ ಸರಿಸು, ನಲ್ಲಿ ತಿರುಗಿಸು, ಪಕ್ಕದ ಮನೆಯವಳ ಹತ್ತಿರ ಎರಡು ಮಾತಾಡು. ಫೋಟೋ ಮೂಸಲು ಬರುತ್ತದೇನು? ಮೊನ್ನೆ ಆಸ್ಪತ್ರೆಯ ನರ್ಸಮ್ಮನೊಬ್ಬಳು ನಿಮ್ಮ ಸಾಲದಲ್ಲಿ ಮನೆ ಕೊಂಡಳು. ಫೋಟೋದಲ್ಲಿ ಹಾಲಿನಂಥ ಗೋಡೆ. ಒಳಗೆ ಹೋಗಿ ಮಂಚ ಇಟ್ಟ ವಾರಕ್ಕೆ ಗಾರೆ ಕಳಚಿ ಹಾಸಿಗೆಯ ಮೇಲೇ ಬಿತ್ತು. ಅವಳೀಗ ಬಿದ್ದ ಗಾರೆಗೂ ಸೇರಿಸಿ ಕಂತು ಕಟ್ಟುತ್ತಿದ್ದಾಳೆ. ನಿಮ್ಮ ಕಂಪ್ಯೂಟರಿನ ಮೇಲೆ ಒಂದು ಹುಡಿ ಮಣ್ಣೂ ಬೀಳಲಿಲ್ಲ.

ನೀವು ಕೊಡುವ ಚಿಲ್ಲರೆಗೆ ಹೊಟ್ಟೆ ತುಂಬದೆ ನಮ್ಮ ಕಸುಬಿನವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋದರು. ಒಬ್ಬ ಮೊಬೈಲ್ ಅಂಗಡಿ ಹಾಕಿದ, ಇನ್ನೊಬ್ಬ ವಿಮೆ ಮಾರುತ್ತಾನೆ. ಈ ಊರಿಗೆ ಉಳಿದವರು ಸುತ್ತಿಗೆ ಮಾಮ ಮತ್ತು ನಾನು, ಇಬ್ಬರೇ. ನಿಮ್ಮ ಜಾಣತನ ಎಡವಿದ್ದು ಇಲ್ಲೇ. ಯಾರ ಫೈಲು ಯಾರ ಮೇಜಿಗೆ ಹೋಗುತ್ತದೆಂದು ಯಾರಿಗೂ ತಿಳಿಯಬಾರದೆಂದು ಹೆಸರು, ಮನೆ ನಂಬರು ಅಳಿಸಿ ಚೀಟಿ ಎತ್ತಿದ ಹಾಗೆ ಹಂಚುತ್ತೀರಿ. ಡಬ್ಬಿಯಲ್ಲಿ ಇರುವುದೇ ಎರಡು ಚೀಟಿ ಆದರೆ?

ಶನಿವಾರ ಒಂದು ಫೈಲು ಬಂತು. ತೆರೆದೆ. ಮೊದಲ ಫೋಟೋ, ಬೀದಿ ಕಡೆಯ ಕಿಟಕಿ. ನಡುವಿನ ಸರಳು ಬಿಲ್ಲಿನ ಹಾಗೆ ಬಾಗಿದೆ. ಒಂದು ಸರಳು ಬಾಗಿದ ಕಿಟಕಿ ಊರಲ್ಲಿ ಹತ್ತಾರು ಇರಬಹುದು. ಆದರೆ ಸಂತೆಗೆ ಕರೆದೊಯ್ಯಲಿಲ್ಲವೆಂದು ಹಟ ಹಿಡಿದು ತಲೆ ತೂರಿಸಿ, ಹಿಂದಕ್ಕೆ ಎಳೆಯಲಾಗದೆ, “ಕಿವಿ ಕೊಯ್ಯಬೇಡಿ, ಕಿವಿ ಕೊಯ್ಯಬೇಡಿ” ಎಂದು ಬೀದಿಗೆ ಬೀದಿಯೇ ಸೇರುವಂತೆ ಅರಚಿದ ತಲೆ ಒಂದೇ, ನಿನ್ನದು. ಅಪ್ಪ ಪಕ್ಕದ ಗ್ಯಾರೇಜಿನಿಂದ ಜಾಕ್ ತಂದು ಸರಳು ಬಗ್ಗಿಸಿದರು. ಅದನ್ನು ನೆಟ್ಟಗೆ ಮಾಡಿಸಲು ಅಮ್ಮ ಇವತ್ತಿಗೂ ಒಪ್ಪಿಲ್ಲ. ನನ್ನ ಮಗ ಹೊರಗೆ ಬಂದ ದಾರಿ ಅದು ಎನ್ನುತ್ತಾಳೆ.

ಮುಂದಿನ ಫೋಟೋಗಳನ್ನು ನಾನು ನೋಡಬೇಕಾಗಿಯೇ ಇರಲಿಲ್ಲ. ನೀನು ಕಳೆದ ಸಲ ಬಂದಾಗ, ಎಂದೂ ಇಲ್ಲದ ಅಕ್ಕರೆಯಿಂದ ಕೋಣೆ ಕೋಣೆಯಲ್ಲೂ ನಿಂತು ತೆಗೆದೆಯಲ್ಲ, ಅವೇ. “ದೂರದಲ್ಲಿರ್ತೀನಲ್ಲಮ್ಮಾ, ಮನೆ ನೋಡ್ಬೇಕು ಅನ್ಸತ್ತೆ” ಅಂದೆ. ಅಮ್ಮ ಬೆಪ್ಪಾದಳು. ತಲೆ ಬಾಚಿಕೊಂಡು ಬಂದು ಯಂತ್ರದ ಮುಂದೆ ಕೂತಳು, ಕಪಾಟಿನ ಪಕ್ಕ ನಿಂತಳು, ಒಲೆಯ ಹತ್ತಿರ ನಕ್ಕಳು. ಪ್ರತಿ ಸಲವೂ ನಿನ್ನದು ಒಂದೇ ಮಾತು: “ಅಮ್ಮಾ, ಸ್ವಲ್ಪ ಆಚೆ ಸರಿ.” ಅವಳು ಸರಿದಳು. ನಿನ್ನ ಚೀಲ ಹಿಡಿದುಕೊಂಡು ಬಾಗಿಲ ಹಿಂದೆ ನಿಂತಳು. ಬೆಳಕಿಗೆ ಅಡ್ಡ ಬರುತ್ತಿದ್ದೇನೆ ಅಂದುಕೊಂಡಳು ಪಾಪ. ಅಡುಗೆಮನೆಯ ಫೋಟೋದ ಅಂಚಿನಲ್ಲಿ ಅವಳ ಮೊಣಕೈ ಉಳಿದಿದೆ, ನೋಡಿಕೋ. ಹೊಲಿಗೆ ಯಂತ್ರಕ್ಕೆ ಬೆಡ್‌ಶೀಟ್ ಹೊದಿಸಿದ್ದೀಯ. ಹೆಣಕ್ಕೆ ಹೊದಿಸಿದ ಹಾಗಿದೆ.

ಕೆಳಗೆ ಪ್ರಶ್ನೆ: ಮನೆಯಲ್ಲಿ ಈಗ ಯಾರಿದ್ದಾರೆ? ನಿನ್ನ ಉತ್ತರ: ಖಾಲಿ.

ಪುಟ್ಟಾ, ಮನೆ ನಿನ್ನ ಹೆಸರಲ್ಲಿದೆ. ಅಪ್ಪ ಹೋದ ಮೇಲೆ, ಗಂಡುಮಗ ನೋಡಿಕೊಳ್ಳುತ್ತಾನೆ ಎಂದು ಅಮ್ಮ ಬರೆದುಕೊಟ್ಟಳು. ಆಗ ನಾನು ಜಗಳವಾಡಲಿಲ್ಲ, ಈಗಲೂ ಗೋಡೆ ನನಗೆ ಬೇಡ. ಸಾಲ ಬೇಕಾದರೆ ತೆಗೆದುಕೋ, ನೀನು ಕಣ್ಣಿಟ್ಟಿರುವ ಆ ಹದಿನಾಲ್ಕನೇ ಮಹಡಿಯ ಫ್ಲಾಟು ಕೊಂಡುಕೋ, ಹದ್ದುಗಳ ಜೊತೆ ಸಂಸಾರ ಮಾಡು. ಆದರೆ ‘ಖಾಲಿ’ ಎಂದು ಯಾಕೆ ಬರೆದೆ ಎಂಬುದು ಈ ಕಸುಬಿನಲ್ಲಿ ಕೂದಲು ನರೆತ ನನಗೆ ಗೊತ್ತಾಗುವುದಿಲ್ಲವೇ? ವಾಸ ಇದ್ದಾರೆ ಎಂದರೆ ಬೆಲೆ ಇಳಿಯುತ್ತದೆ, ಇರುವವರ ಒಪ್ಪಿಗೆಯ ಸಹಿ ಬೇಕಾಗುತ್ತದೆ. ಅಮ್ಮನ ಮುಂದೆ ಕಾಗದ ಹಿಡಿದು “ಇಲ್ಲಿ ಹಾಕು” ಎನ್ನುವ ಧೈರ್ಯ ನಿನಗಿಲ್ಲ. ಅವಳು ಓದಿಸಿ ಕೇಳುತ್ತಾಳೆ. ನಾಳೆ ನಿನ್ನ ಕಂತು ತಪ್ಪಿದರೆ ಸಂಸ್ಥೆಯವರು ಖಾಲಿ ಮನೆಗೆ ಬೀಗ ಜಡಿಯಲು ಬರುತ್ತಾರೆ. ಒಳಗೆ ಯಂತ್ರ ತುಳಿಯುತ್ತಿರುವವಳು ಯಾರು, ದೆವ್ವವೇ? ಹೆತ್ತವಳು ಬದುಕಿರುವಾಗಲೇ ಅವಳನ್ನು ಇಲ್ಲ ಅನ್ನಿಸಲು ಹಿಂದಿನವರಿಗೆ ವಿಷವೋ ಮಾಟವೋ ಬೇಕಾಗಿತ್ತು. ನಿನಗೆ ಒಂದು ಬೆರಳು ಸಾಕಾಯಿತು.

ರಕ್ತಸಂಬಂಧಿಗಳ ಮನೆಗೆ ನಾವು ಬೆಲೆ ಕಟ್ಟುವಂತಿಲ್ಲ. ಒಳ್ಳೆಯ ನಿಯಮ, ಹಳೆಯದು, ನೀವು ಮರೆತು ಉಳಿಸಿದ್ದು. ಹಾಗಾಗಿ ಬೆಲೆ ಕಟ್ಟದೆ ಫೈಲನ್ನು ವಾಪಸು ಕಳಿಸಿದ್ದೇನೆ. ನೀನೀಗ ನಿಟ್ಟುಸಿರು ಬಿಡಬಹುದು. ನನ್ನ ವೃತ್ತಿಯವರ ಬಾಯಲ್ಲಿ ಒಂದು ಮಾತಿದೆ, ಬಣ್ಣ ಒಣಗುವ ಮುಂಚೆ ಒರಗಬಾರದು.

ಎಣ್ಣೆ ತಿಕ್ಕಿಸಿಕೋ. ನಿನ್ನ ಹೆಂಡತಿಯನ್ನು ಕೇಳಿದೆ ಎಂದು ಹೇಳು, ಅವಳಿಗೆ ಈ ವಿಷಯ ಗೊತ್ತಿಲ್ಲ ಎಂದು ನಂಬಿದ್ದೇನೆ. ಅಮ್ಮನ ಆಶೀರ್ವಾದ ಎಂದಿನಂತೆ, ಅವಳಿಗೆ ಕೊಡುವುದಷ್ಟೇ ಗೊತ್ತು.

ಇಂತಿ,
ನಿನ್ನ ಅಕ್ಕ

ಮರೆತಿದ್ದೆ: ಫೈಲು ವಾಪಸು ಮಾಡುವಾಗ ಕಾರಣ ಬರೆಯಬೇಕು. ‘ಅರ್ಜಿದಾರ ನನ್ನ ತಮ್ಮ. ಮನೆ ಖಾಲಿಯಿಲ್ಲ, ಇದನ್ನು ಬರೆಯುತ್ತಿರುವವಳು ಅದರೊಳಗೇ ಕೂತಿದ್ದಾಳೆ, ತಾಯಿಯೂ ಇದ್ದಾಳೆ. ಹೋಗಿ ನೋಡಿ’ ಎಂದು ಬರೆದೆ. ಹಾಗೆ ಬರೆದರೆ ನಿಮ್ಮ ಸಂಸ್ಥೆ ಇನ್ನೊಬ್ಬರನ್ನು ಕಳಿಸಿ ಮನೆ ನೋಡಿಸಲೇಬೇಕು. ಪಟ್ಟಿಯಿಂದ ನನ್ನ ಹೆಸರು ಜಾರಿದರೆ ಜಾರಲಿ, ಸೂಜಿಗೆ ದಾರ ಪೋಣಿಸಲು ಬರುತ್ತದೆ. ಡಬ್ಬಿಯಲ್ಲಿ ಉಳಿದದ್ದು ಒಂದೇ ಚೀಟಿ, ಗುರುವಾರ ಸುತ್ತಿಗೆ ಮಾಮ ಬರುತ್ತಾರೆ. ಅವರು ನೀರು ಕುಡಿಯುವುದಿಲ್ಲ. ಈ ಕಾಗದ ಕೊರಿಯರಿನಲ್ಲಿ ನಾಳೆಯೇ ನಿನ್ನ ಕೈ ಸೇರುತ್ತದೆ. ಬುಧವಾರ ಸಂಜೆಯೊಳಗೆ ಅರ್ಜಿ ಹಿಂದಕ್ಕೆ ತೆಗೆದುಕೊಂಡರೆ ಅವರು ಬರುವುದೂ ತಪ್ಪುತ್ತದೆ, ಅಮ್ಮನಿಗೆ ಗೊತ್ತಾಗುವುದೂ ತಪ್ಪುತ್ತದೆ. ನಾನು ಸಾಯುವ ತನಕ ಬಾಯಿ ಬಿಡುವುದಿಲ್ಲ. ಸದ್ಯಕ್ಕೆ ಅವಳಿಗೆ, ಯಾರೋ ಮನೆ ನೋಡಲು ಬರುತ್ತಾರೆ, ಬಾಗಿಲು ತೆಗೆದವರ ಫೋಟೋ ಹೊಸ್ತಿಲಲ್ಲೇ ತೆಗೆಯುತ್ತಾರೆ ಎಂದಷ್ಟೇ ಹೇಳಿದ್ದೇನೆ. ಕನ್ನಡಕ ಒರೆಸಿಕೊಳ್ಳುತ್ತ ಕೇಳಿದಳು, “ನಾನು ಎಲ್ಲಿಗೆ ಸರಿದು ನಿಂತ್ಕೊಳ್ಳಲಿ?” ಎಲ್ಲಿಗೂ ಸರೀಬೇಡಮ್ಮ ಅಂದೆ, ಬಾಗಿಲ ನಡುವೇನೇ ನಿಂತ್ಕೋ.