ಐಸಿಲ್ಲದ ಊರಲ್ಲಿ ಐಸ್ ಹಾಕಿ

ತುಮಕೂರು

ಲೇ ಸಿದ್ದಮ್ಮ, ಕಾರ್ಡಿನ ಮೇಲೆ ಕಾರ್ಡ್ ಹಾಕಿದ್ರೂ ಉತ್ತರ ಇಲ್ಲ, ಕೈಗೇನು ಮದರಂಗಿ ಹಚ್ಕೊಂಡು ಕೂತಿದೀಯಾ? ಅಕ್ಕ ಇದಾಳೋ ಇಲ್ವೋ ಅಂತಾದ್ರೂ ಕೇಳಬಾರ್ದಾ?

ಮೊಮ್ಮಗಳು ಅಕ್ಷತಾ ಆಡೋದು ಐಸ್ ಮೇಲಿನ ಹಾಕಿ. ಇಲ್ಲಿ ಐಸ್ ಎಲ್ಲಿಂದ ಬರಬೇಕು? ತಾರಸಿ ಮೇಲೆ ಪ್ಲೈವುಡ್ ಹಲಗೆಗೆ ಸೋಪಿನ ನೀರು ಬಳಿದು, ಕಾಲುಚೀಲದಲ್ಲಿ ಅತ್ಲಾಗೆ ಇತ್ಲಾಗೆ ಜಾರ್ತಾಳೆ. ಬೇಸಿಗೆ ಪೂರ್ತಿ ಇದೇ ಅಭ್ಯಾಸ, ದಿನಾ ಮೊಟ್ಟೆ ತಿನ್ನು ಅಂತ ಕೋಚ್ ಹೇಳವ್ನೆ. ಲಿಂಗ ಕಟ್ಟಿದ ಮನೇಲಿ ಮೊಟ್ಟೆಯಾ ಅಂತ ಬೈದು, ಮೊಳಕೆ ಹುರುಳಿ ಸಾರು, ಮುದ್ದೆ ಇಕ್ಕಿದೆ. ಇವಳಮ್ಮನಿಗೆ ಮೊಳಕೆ ಕಟ್ಟೋಕೂ ಬರಲ್ಲ. ಈಗ "ಅಜ್ಜಿ, ಮಳೆಗಾಲದವರೆಗೂ ಇದ್ಬುಡು" ಅಂತವ್ಳೆ.

ನನ್ನ ಮಂಡಿನೋವು ಈಗ ವಾಸಿ. ಸಂಜೆಯಾದ್ರೆ ನಿನ್ನ ಜಗುಲೀನೇ ಕಣ್ಮುಂದೆ ಬರುತ್ತೆ. ಬಾ ಅಂತ ಬರೀಬೇಡ ಕಣೇ, ಬರೆದ್ರೆ ಇವಳನ್ನ ಬಿಟ್ಟು ನಿಮ್ಮೂರು ಯಡಿಯೂರಿನ ಬಸ್ ಹತ್ತಿಬಿಡ್ತೀನಿ. ಬೇರೆ ಏನಾದ್ರೂ ಬರೆದು ಮುಂದಿನ ತಿಂಗಳು ಹುಟ್ಟೋದ್ರೊಳಗೆ ಹಾಕು.

ನಿನ್ನಕ್ಕ
ಗಂಗಮ್ಮ