ಟೇಪಿನ ಇನ್ನೊಂದು ತುದಿ

ಕಿಕ್ಕೇರಿ ಪಕ್ಕದ ನಮ್ಮೂರಿನಿಂದ,
ನವೆಂಬರ್ 1996, ಸೋಮವಾರ ಬೆಳಗ್ಗೆ

ನನ್ನ ಮಡಿಲಲ್ಲೇ ಬೆಳೆದ ದಿಲೀಪನಿಗೆ ಸೋದರತ್ತೆಯ ಆಶೀರ್ವಾದ.

ಪಾಂಡವಪುರದಿಂದ ನೀನು ಬರೆದ ಕಾಗದ ಶುಕ್ರವಾರ ಬಂತು. ಮೂರು ಸಲ ಓದಿದೆ. ಗೊಬ್ಬರದ ಅಂಗಡಿಯ ಜೊತೆಗೆ ಊರಲ್ಲಿ ಐವತ್ತು ಕೋಳಿ ಸಾಕಬೇಕು, ಅರ್ಧ ಗಿರಿರಾಜ ತಳಿ, ಅರ್ಧ ನಾಟಿ ಎಂದಿದ್ದೀಯ. 'ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಜಾಗ ಸಾಲುತ್ತದಾ ಅತ್ತೆ? ಕೋಳಿ ವಿಷಯದಲ್ಲಿ ನಿನಗಿಂತ ತಿಳಿದವರು ನಮ್ಮ ಕಡೆ ಯಾರಿದ್ದಾರೆ?' ಎಂದು ಕೇಳಿದ್ದೀಯ. ಜಾಗ ಎಲ್ಲಿ ಎಂದು ಮಾತ್ರ ಬರೆದಿಲ್ಲ. ಇರಲಿ. ಕೇಳಿದ್ದಕ್ಕೆ ಮೊದಲು ಉತ್ತರ ಹೇಳುತ್ತೇನೆ. ನಿನ್ನ ಮೇಲಿನ ಸಿಟ್ಟಿಗೆ ಆ ಮೂಕಪ್ರಾಣಿಗಳು ಕಷ್ಟಪಡುವುದು ಬೇಡ.

ಐವತ್ತು ಆಗುವುದಿಲ್ಲ. ಗಿರಿರಾಜ ಬೆಳೆದು ನಿಂತರೆ ಎತ್ತುವುದಕ್ಕೆ ಎರಡು ಕೈ ಬೇಕು. ಒಂದೊಂದಕ್ಕೂ ನಾಲ್ಕು ಚದರ ಅಡಿ ಬಿಡು. ನಾಟಿಗೆ ಎರಡು ಸಾಕು. ಅದು ಇಪ್ಪತ್ತು, ಇದು ಇಪ್ಪತ್ತು, ಅಲ್ಲಿಗೆ ನಿನ್ನ ನೂರಿಪ್ಪತ್ತು ಅಡಿ ಮುಗಿಯಿತು. ನಡುವೆ ಜಾಲರಿ ಹೊಡೆದು ಬೇರೆ ಮಾಡು. ದೊಡ್ಡವು ಮೇವಿನ ತಟ್ಟೆಗೆ ಅಡ್ಡ ನಿಂತರೆ ಸಣ್ಣವು ದೂರದಿಂದ ನೋಡುತ್ತವೆ, ಎರಡು ದಿನ ನೋಡಿ ಮೂರನೇ ದಿನ ಮೂಲೆ ಸೇರುತ್ತವೆ. ನಾಟಿ ಕೂರುವ ಗಳ ಎದೆಮಟ್ಟಕ್ಕಿರಲಿ. ಗಿರಿರಾಜಕ್ಕೆ ಮೊಣಕಾಲಿಗಿಂತ ಎತ್ತರ ಬೇಡ. ಭಾರದ ಮೈ, ಮೇಲಿಂದ ಧುಮುಕಿದರೆ ಕಾಲು ಕುಂಟಾಗುತ್ತದೆ. ನೆಲ ಮಣ್ಣಿನದಾದರೆ ಹೆಗ್ಗಣ ತೋಡುತ್ತದೆ. ಗಾರೆ ಹಾಕಿಸಿ, ಮೇಲೆ ಭತ್ತದ ಹೊಟ್ಟು ಹರಡು.

ಗಾರೆ ಎಂದು ಬರೆಯುವಾಗ ಕೈ ನಿಂತಿತು. ಅದಕ್ಕೆ ಆಮೇಲೆ ಬರುತ್ತೇನೆ.

ಎಲ್ಲವನ್ನೂ ಒಂದರಲ್ಲೇ ತುಂಬಿದರೆ ಏನಾಗುತ್ತದೆಂದು ನಾನು ಯಾರಿಂದಲೂ ಕೇಳಿ ತಿಳಿದದ್ದಲ್ಲ. ಎರಡು ವರ್ಷದ ಹಿಂದೆ ನೀನು ಆರು ಗಿರಿರಾಜ ಮರಿ ತಂದುಕೊಟ್ಟಾಗ ಕಾವಿಗೆ ಕೂತಿದ್ದ ನಮ್ಮ ಕರಿ ನಾಟಿಕೋಳಿಯ ಕೆಳಗೆ ಬಿಟ್ಟಿದ್ದೆ. ಅವು ತಾಯಿಯ ಎರಡರಷ್ಟು ಬೆಳೆದವು. ಆದರೂ ಸಂಜೆಯಾದರೆ ಅದು ರೆಕ್ಕೆ ಅಗಲಿಸಿ ಕರೆಯುತ್ತಿತ್ತು. ರೆಕ್ಕೆಯಡಿ ಒಂದರ ತಲೆಯೂ ಹಿಡಿಸುತ್ತಿರಲಿಲ್ಲ. ಜಗುಲಿಯ ಕೆಳಗಿನ ಅದೇ ಹಳೆಯ ಗೂಡಿಗೆ ಎಲ್ಲವನ್ನೂ ನೂಕಿ ಹಲಗೆ ಮುಚ್ಚುತ್ತಿದ್ದೆ. ಒಂದು ಚಳಿಗಾಲದ ಬೆಳಗ್ಗೆ ಹಲಗೆ ತೆಗೆದರೆ ಆರೂ ದಡದಡನೆ ಹೊರಗೆ ಬಂದವು, ಅದು ಬರಲಿಲ್ಲ. ಗೋಡೆಗೆ ಒತ್ತಿಕೊಂಡು ಸತ್ತಿತ್ತು. ಮರಿಗಳ ತಪ್ಪೇನಿಲ್ಲ, ಚಳಿಗೆ ತಾಯಿಯ ಹತ್ತಿರ ಸರಿದಿದ್ದವು ಅಷ್ಟೇ. ಜಾಗ ನೋಡದೆ ಹೋದವಳು ನಾನು.

ಅದಕ್ಕೇ ಈ ಸಲ ನೋಡೋಣವೆಂದು ಹಿತ್ತಿಲೆಲ್ಲ ಸುತ್ತಿದೆ. ಬಾವಿಯ ಪಕ್ಕ ಯಾವಾಗಲೂ ತೇವ. ಕೊಟ್ಟಿಗೆಯ ಪಕ್ಕ ಉಣ್ಣೆಹುಳ. ಹುಣಸೆಮರದ ಬುಡದಲ್ಲಿ ಹುತ್ತ. ಎತ್ತರದ ನೆಲ, ಬೆಳಗಿನ ಬಿಸಿಲು ಒಳಗೆ ಬೀಳುವ ಕಿಟಕಿ, ಗಟ್ಟಿ ಬಾಗಿಲು, ಸೋರದ ಹೆಂಚು, ಇಷ್ಟೂ ಇರುವ ಜಾಗ ನಮ್ಮ ಮನೆಯಲ್ಲಿ ಒಂದೇ ಒಂದು. ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಹನ್ನೆರಡು, ಹತ್ತು ಎಂದು ಬರೆದಿತ್ತು. ನನ್ನದೇ ಬರಹ.

ದೀಪಾವಳಿ ಕಳೆದ ಭಾನುವಾರ ನೀನು ಹೊಸ ಟೇಪು ಹಿಡಿದು ಬಂದದ್ದು ನೆನಪಿದೆಯಾ? 'ಅತ್ತೆ, ಈ ತುದಿ ಇಡ್ಕೊ. ಬಿಗಿಯಾಗಿ ಇಡ್ಕೊ, ಬುಟ್ರೆ ಅಂಗೇ ಸುತ್ಕಂಡ್ಬುಡ್ತದೆ' ಎಂದೆ. ನಾನು ಗೋಡೆಗೆ ಒತ್ತಿ ಹಿಡಿದೆ. 'ಅನ್ನೆರಡು, ಬರ್ಕೊ. ಅತ್ತು, ಬರ್ಕೊ' ಎಂದೆ. ನಾನು ಬರೆದೆ. ಶಾಲೆಯ ಮೆಟ್ಟಿಲು ಹತ್ತದವಳು ನಾನು, ಅಕ್ಷರ, ಅಂಕಿ ಎಲ್ಲವನ್ನೂ ನಿನ್ನ ಸ್ಲೇಟಿನ ಪಕ್ಕ ಕೂತು ಕಲಿತವಳು. ನಿನಗೆ ಎರಡರ ಅಂಕಿ ತಿರುಗುಮುರುಗಾಗಿ ಬರುತ್ತಿತ್ತು, ಕೈಹಿಡಿದು ತಿದ್ದಿಸುತ್ತಿದ್ದೆ.

ಮಂಡಿನೋವಿನಲ್ಲಿ ಸಾರಿಸಲು ಆಗುವುದಿಲ್ಲ, ಕೋಣೆಯ ನೆಲಕ್ಕೆ ಗಾರೆ ಹಾಕಿಸಪ್ಪಾ ಎಂದು ನಿನಗೆ ಎರಡು ವರ್ಷದಿಂದ ಹೇಳುತ್ತಿದ್ದೆ. ಅದಕ್ಕೇ ಅಳೆಯುತ್ತಿದ್ದೀಯ ಎಂದುಕೊಂಡೆ. ಅವತ್ತು ಮೊಟ್ಟೆಯಿಡುತ್ತಿದ್ದ ಕೋಳಿಯನ್ನೇ ಕೊಯ್ಯಿಸಿ ಸಾರು ಮಾಡಿದೆ. ನೀನು ಎರಡು ಮುದ್ದೆ ಉಂಡು, 'ನಿನ್ ಕೈ ಸಾರು ಯಾರ್ಗೂ ಬರಾಕಿಲ್ಲ ಕಣತ್ತೆ' ಎಂದೆ. ನೀನು ಬಸ್ಸು ಹತ್ತಿದ ಮೇಲೆ ಬೀದಿಗೆಲ್ಲ ಸಾರಿಕೊಂಡು ಬಂದೆ, 'ನಮ್ ದಿಲೀಪ ಗಾರೆ ಆಕುಸ್ತಾವ್ನೆ' ಅಂತ. ಈಗ ಕೋಳಿಗಳಿಗಾದರೂ ಹಾಕಿಸು.

ಮೊನ್ನೆ ಶನಿವಾರ ನಿಮ್ಮವ್ವನನ್ನು ಕೇಳಿದೆ. ದ್ಯಾವಮ್ಮ ಅತ್ತಿಗೆ ಅವರೆಕಾಯಿ ಸುಲಿಯುತ್ತಾ ತಲೆಯೆತ್ತದೆ ಹೇಳಿದರು: 'ಊಂ ಕಣವ್ವ, ನಿನ್ ರೂಮೇಯ. ನಿಂಗೇನು, ನಡುಮನೇಲಿ ಒಂದ್ ಚಾಪೆ ಆಸ್ಕಂಡ್ರೆ ಆಯ್ತು. ಕೋಳಿ ನೋಡ್ಕಳಕ್ಕೂ ಅತ್ರ ಆಯ್ತದೆ.' ಅವರಿಗೆ ಗೊತ್ತಿತ್ತು. ನಿನ್ನ ಹೆಂಡತಿ ಶ್ವೇತಳಿಗೂ ಗೊತ್ತಿದ್ದೀತು. ಬೀದಿಗೆಲ್ಲ ಗಾರೆಯ ಸುದ್ದಿ ಹೇಳಿಕೊಂಡು ತಿರುಗಿದವಳಿಗೆ ಮಾತ್ರ ಗೊತ್ತಿರಲಿಲ್ಲ.

ಚಾಪೆಯನ್ನೂ ಅಳೆದೆ ದಿಲೀಪ. ನಿನ್ನ ಟೇಪು ಇರಲಿಲ್ಲ, ನಿನ್ನ ಹಳೆಯ ಸ್ಕೂಲು ಸ್ಕೇಲಿನಲ್ಲಿ ಅಳೆದೆ. ಆರಡಿ ಉದ್ದ, ಎರಡಡಿ ಅಗಲ. ಹನ್ನೆರಡು ಚದರ ಅಡಿ. ಗಿರಿರಾಜಕ್ಕೆ ನಾಲ್ಕು ಬೇಕೆಂದು ಮೇಲೆ ಬರೆದಿದ್ದೇನೆ. ಮೂರು ಕೋಳಿಯ ಜಾಗ.

ಮದುವೆಯಾಗಿ ಮೂರನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಬಂದಾಗ ನಿಮ್ಮಪ್ಪ ಆ ಕೋಣೆ ಕಟ್ಟಿಸಿದ. ಇಟ್ಟಿಗೆಯನ್ನು ತಾನೇ ಹೊತ್ತ. 'ಇದು ನಿಂದು ಕಣವ್ವ, ಯಾರೂ ಏನೂ ಅನ್ನಾಕಿಲ್ಲ' ಎಂದ. ಬದುಕಿರುವ ತನಕ ಯಾರೂ ಅನ್ನದ ಹಾಗೆ ನೋಡಿಕೊಂಡ. ಆ ಕೋಣೆಯಲ್ಲೇ ನಿನಗೆ ಸಿಡುಬಿನಂಥ ಅಮ್ಮ ಎದ್ದಾಗ ಹದಿನೈದು ದಿನ ಬೇವಿನ ಸೊಪ್ಪು ಹಾಸಿ ಮಲಗಿಸಿಕೊಂಡಿದ್ದೆ. ಇದನ್ನು ಲೆಕ್ಕ ಒಪ್ಪಿಸಲು ಹೇಳುತ್ತಿಲ್ಲ. ನೀನು ಎದುರು ನಿಂತು, 'ಅತ್ತೆ, ನಿನ್ನ ಕೋಣೆ ಬೇಕು' ಎಂದು ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆ, ಅದು ನಿನಗೂ ಗೊತ್ತು. ನನ್ನ ಕೈಗೇ ತುದಿ ಕೊಟ್ಟು ಅಳೆದೆಯಲ್ಲ, ಅದನ್ನು ನುಂಗಲು ಆಗುತ್ತಿಲ್ಲ.

ಕೋಣೆ ಖಾಲಿ ಮಾಡಿದ್ದೇನೆ. ಕಿಟಕಿಗೆ ಜಾಲರಿ ಹೊಡೆಸಿದ್ದೇನೆ, ಸಣ್ಣ ಕಣ್ಣಿನದು, ಮುಂಗುಸಿ ತೂರುವುದಿಲ್ಲ. ಬೀಗದ ಕೈ ನಿಮ್ಮವ್ವನ ಹತ್ತಿರ ಇದೆ. ಕೋಳಿ ನೋಡಿಕೊಳ್ಳುವವರನ್ನು ಮಾತ್ರ ಬೇರೆ ಹುಡುಕಿಕೋ. ನಾಗಮಂಗಲದಲ್ಲಿ ನನ್ನ ಗೆಳತಿ ಕುಳ್ಳಮ್ಮ ಮದುವೆ ಮನೆಗಳಿಗೆ ಅಡುಗೆ ಮಾಡುತ್ತಾಳೆ, ಕೈಗೊಬ್ಬರು ಬೇಕೆಂದು ಬಹಳ ದಿನದಿಂದ ಕರೆಯುತ್ತಿದ್ದಳು. ಅವಳು ಕೊಡುವ ಕೋಣೆ ಎಂಟಕ್ಕೆ ಏಳು. ಕೇಳಿ ತಿಳಿದುಕೊಂಡೆ. ನೆಲ ಗಾರೆಯದು.

ಕೊನೆಯದಾಗಿ ಒಂದು ಮಾತು, ಇದನ್ನು ಮರೆಯಬೇಡ. ಕೋಳಿಗಳನ್ನು ಹೊಸ ಗೂಡಿಗೆ ಸಾಗಿಸುವಾಗ ಕತ್ತಲಾದ ಮೇಲೆ ಸಾಗಿಸು. ಆಗ ಅವಕ್ಕೆ ಕಣ್ಣು ಕಾಣುವುದಿಲ್ಲ, ಗಲಾಟೆ ಮಾಡುವುದಿಲ್ಲ. ಬೆಳಗ್ಗೆ ಎದ್ದರೆ ಅಲ್ಲೇ ಹುಟ್ಟಿದವುಗಳಂತೆ ಇರುತ್ತವೆ. ಹಗಲಲ್ಲಿ ಸಾಗಿಸಿದರೆ ಎಲ್ಲ ನೋಡಿಕೊಂಡಿರುತ್ತವೆ.

ನಾನು ಹತ್ತು ಗಂಟೆಯ ಬಸ್ಸಿಗೆ ಹೊರಟಿದ್ದೇನೆ. ಟ್ರಂಕು ತಲೆಯ ಮೇಲಿಟ್ಟುಕೊಂಡು, ಬೀದಿಯ ಉದ್ದಕ್ಕೂ ನಡೆದು.

ನಿನ್ನ ಕೋಳಿಗಳಿಗೆ ರೋಗ ತಗಲದಿರಲಿ. ನೀನೂ ಶ್ವೇತಳೂ ಚೆನ್ನಾಗಿರಿ, ಮಗ.

ಇಂತಿ,
ಅತ್ತೆ ಚಿಕ್ಕತಾಯಮ್ಮ