ಅಲ್ಲಾಡದ ಗಿಡ

ಅಕ್ಕಾ,

ಇದನ್ನು ಓದಿದರೆ ನೀನು ಬೈದೇ ಬೈಯುತ್ತೀಯ. ಅದಕ್ಕೇ ಕಳಿಸುವುದಿಲ್ಲ.

ಮನೆ ಬಿಡುವಾಗ ನೀನು ನಮ್ಮ ನರ್ಸರಿಯ ಬಕೆಟ್ಟಿನಲ್ಲೇ ಬಿಟ್ಟುಹೋದ ಜೂನಿಪರ್ ಗಿಡವನ್ನು ಇವತ್ತು ಬೋನ್ಸಾಯ್ ಕುಂಡಕ್ಕೆ ಹಾಕಿದೆವು. ಅಪ್ಪನ ಕೈ ಈಗ ನಡುಗುತ್ತದೆ. ಕೊಂಬೆಗೆ ತಂತಿ ಸುತ್ತಿ ಬಗ್ಗಿಸಿದ್ದು, ಬೇರು ಕತ್ತರಿಸಿದ್ದು ಎಲ್ಲ ನಾನೇ. ಅವರದು ಬರೀ ಬಾಯಿ.

"ಬೇರನ್ನ ತಂತೀಲಿ ಕುಂಡಕ್ಕೆ ಬಿಗಿಯಾಗಿ ಕಟ್ಟು. ನಿಮ್ಮಕ್ಕನ ಹಾಗೆ ಸಡಿಲ ಬಿಡಬೇಡ. ಅಲ್ಲಾಡೋ ಗಿಡ ಬೇರು ಹಿಡಿಯಲ್ಲ."

ಕಟ್ಟಿದೆ. ನೀನು ನಿನ್ನೂರಲ್ಲಿ ಹುಡುಕಿಕೊಟ್ಟ ಕೆಲಸಕ್ಕೆ ಹೋಗುತ್ತೇನೆಂದು ಇವತ್ತು ಅಪ್ಪನಿಗೆ ಹೇಳಿಯೇ ತೀರಬೇಕು ಅಂದುಕೊಂಡಿದ್ದೆ. ತಂತಿಯ ತುದಿ ಕತ್ತರಿಸಿ ಅವರ ಕಡೆ ತಿರುಗಿದೆ. ಅಷ್ಟರಲ್ಲಿ ಅಪ್ಪ ಗಿಡದ ಕಾಂಡ ಹಿಡಿದು ಮೆಲ್ಲಗೆ ಮೇಲೆತ್ತಿದರು. ಕುಂಡವೂ ಜೊತೆಗೇ ಎದ್ದು ಬಂತು. ಗಿಡ ಒಂದು ಚೂರೂ ಅಲುಗಲಿಲ್ಲ.

"ಭೇಷ್! ಇನ್ನಿದು ಎಲ್ಲೂ ಹೋಗಲ್ಲ," ಎಂದು ನಕ್ಕರು. ನೀನು ಹೋದಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಜೇಬಿನಿಂದ ನರ್ಸರಿಯ ಬೀಗದ ಕೈ ತೆಗೆದು, ಮಣ್ಣಾಗಿದ್ದ ನನ್ನ ಅಂಗೈಯಲ್ಲಿಟ್ಟರು.

"ಇನ್ಮೇಲೆ ಎಲ್ಲಾ ನಿಂದೇ ಕಣಮ್ಮ."

ಹೇಳಬೇಕೆಂದೇ ಬಾಯಿ ತೆರೆದೆ ಅಕ್ಕಾ, ನಿನ್ನಾಣೆ.

"ನೀರು ಹಾಕ್ಲಾ ಅಪ್ಪ?" ಅಂದೆ.